ವ್ಯಸನ, ಕುಟುಂಬ ಮತ್ತು ಆಪ್ತಸಲಹೆ: ಠಾಣೆ ಪರಿಸರದ ಕನ್ನಡಿಗರನ್ನು ಕುರಿತು ಒಂದು ವಿವೇಚನೆ

೧. ವಿಷಯಪ್ರವೇಶ

ಹುಟ್ಟಿದ ನೆಲವನ್ನು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ಜನಸಮುದಾಯವು ತನ್ನ ಚರಿತ್ರೆಯನ್ನು ಬರೆದುಕೊಳ್ಳುವಾಗ ಸಾಮಾನ್ಯವಾಗಿ ಗಳಿಕೆಯ ಪಕ್ಷವನ್ನೇ ಬರೆಯುತ್ತದೆ. ಮುಂಬಯಿಯ ಕನ್ನಡಿಗರ ಚರಿತ್ರೆಯೂ ಇದಕ್ಕೆ ಹೊರತಾಗಿಲ್ಲ. ಕಟ್ಟಿದ ಸಂಘಗಳು, ನಡೆಸಿದ ರಾತ್ರಿಶಾಲೆಗಳು, ಬೆಳೆಸಿದ ಹೋಟೆಲು ಉದ್ಯಮ, ಆಡಿಸಿದ ಯಕ್ಷಗಾನ, ನಾಟಕಗಳು, ಪ್ರಕಟಿಸಿದ ಗ್ರಂಥಗಳು ಇವೆಲ್ಲವೂ ನಮ್ಮ ಸ್ಮರಣಸಂಚಿಕೆಗಳಲ್ಲಿ ಯಥೋಚಿತವಾಗಿ ದಾಖಲಾಗಿವೆ. ಆದರೆ ಇದೇ ದಾರಿಯಲ್ಲಿ ಬಂದು, ಇದೇ ಚಾಳುಗಳಲ್ಲಿ ಬಾಳಿ, ಕುಡಿತದಿಂದಲೋ ಮನೋವ್ಯಥೆಯಿಂದಲೋ ನಡುದಾರಿಯಲ್ಲಿ ಕುಸಿದವರ ಲೆಕ್ಕವನ್ನು ಯಾರೂ ಬರೆದಿಲ್ಲ. ಅಂಥವರಿಲ್ಲದ ಮನೆತನ ವಿರಳ; ಅವರ ಮಾತೆತ್ತುವ ಮನೆತನ ಅದಕ್ಕಿಂತಲೂ ವಿರಳ.

ಠಾಣೆ ನಿಲ್ದಾಣದ ಪೂರ್ವದಿಕ್ಕಿನ ಕೋಪರಿಯಿಂದ ಮೊದಲುಗೊಂಡು ಡೊಂಬಿವಲಿ, ಕಲ್ಯಾಣಗಳವರೆಗೂ, ಖಾಡಿಯ ಆಚೆಗಿನ ನವಿ ಮುಂಬಯಿಯವರೆಗೂ ಹಬ್ಬಿರುವ ಪ್ರದೇಶದಲ್ಲಿ ಇಂದು ನೆಲೆಸಿರುವ ಕನ್ನಡ ಕುಟುಂಬಗಳು ಅಸಂಖ್ಯ. ಈ ಕುಟುಂಬಗಳಿಗೆ, ವಿಶೇಷವಾಗಿ ಅವುಗಳ ತರುಣರಿಗೆ, ವ್ಯಸನದ ಮತ್ತು ಮಾನಸಿಕ ಅಸ್ವಾಸ್ಥ್ಯದ ಸಂದರ್ಭದಲ್ಲಿ ದೊರೆಯಬಹುದಾದ ನೆರವಿನ ಸ್ವರೂಪವೇನು, ಅದರ ಹಿಂದಿನ ಶಾಸ್ತ್ರವೇನು, ನಮ್ಮ ಸಂಘಸಂಸ್ಥೆಗಳ ಕರ್ತವ್ಯವೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ವ್ಯಸನವೆಂದರೇನು?

‘ವ್ಯಸನ’ ಎಂಬ ಶಬ್ದಕ್ಕೆ ನಮ್ಮ ಪರಂಪರೆಯಲ್ಲಿ ಎರಡು ಅರ್ಥಗಳುಂಟು: ಒಂದು ದುಶ್ಚಟ, ಇನ್ನೊಂದು ವಿಪತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವು ವ್ಯಸನಗಳನ್ನೇ ಕುರಿತದ್ದು. ಅಲ್ಲಿ ಅರಸನ ಜೂಜು, ಪಾನಗಳೂ ರಾಜ್ಯಕ್ಕೊದಗುವ ಬೆಂಕಿ, ನೆರೆ, ಕ್ಷಾಮಗಳೂ ಒಂದೇ ಹೆಸರಿನಡಿ ವಿವೇಚಿತವಾಗಿವೆ. ಕಾಲಕ್ರಮದಲ್ಲಿ ಲೋಕವ್ಯವಹಾರವು ಮೊದಲನೆಯ ಅರ್ಥವನ್ನು ಮಾತ್ರ ಉಳಿಸಿಕೊಂಡಿತು. ವ್ಯಸನಿಯೆಂದರೆ ನೀತಿಗೆಟ್ಟವನೆಂಬ ಭಾವನೆ ಬಲವಾಯಿತು. ಆಧುನಿಕ ವೈದ್ಯಶಾಸ್ತ್ರವು ಒಂದು ರೀತಿಯಲ್ಲಿ ಎರಡನೆಯ ಅರ್ಥವನ್ನು ನಮಗೆ ಮರಳಿ ಕೊಟ್ಟಿದೆ ಎನ್ನಬಹುದು.

೧೯೬೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ಈ ಸ್ಥಿತಿಯನ್ನು ‘ಅವಲಂಬನೆ’ ಎಂಬ ಪದದಿಂದ ಕರೆಯುವುದು ಯುಕ್ತವೆಂದು ಸೂಚಿಸಿತು. ಅದರ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು: ಪದಾರ್ಥಕ್ಕಾಗಿ ತಡೆಯಲಾಗದ ಹಂಬಲ, ಆರಂಭಿಸಿದ ಮೇಲೆ ನಿಲ್ಲಿಸಲಾರದ ಅಸಹಾಯಕತೆ, ಮೊದಲಿನ ಅಮಲಿಗೆ ದಿನೇದಿನೇ ಹೆಚ್ಚು ಪ್ರಮಾಣ ಬೇಕಾಗುವುದು, ಬಿಟ್ಟಾಗ ಕೈನಡುಕ, ಬೆವರು, ನಿದ್ರಾಹೀನತೆಗಳು ಕಾಣಿಸಿಕೊಳ್ಳುವುದು, ಉಳಿದ ಆಸಕ್ತಿಗಳೆಲ್ಲ ಬತ್ತಿಹೋಗುವುದು, ಹಾನಿ ಪ್ರತ್ಯಕ್ಷವಾಗಿದ್ದರೂ ಸೇವನೆ ಮುಂದುವರಿಯುವುದು. ಇವುಗಳಲ್ಲಿ ಕೆಲವು ಒಟ್ಟಿಗೆ ಕಂಡುಬಂದರೆ ಅದು ಮಿದುಳಿನ ಕಾರ್ಯವಿಧಾನವನ್ನೇ ಬದಲಿಸಿದ ಸ್ಥಿತಿಯೆಂದು ತಿಳಿಯಬೇಕು. ಆಗ ಉಪದೇಶವೊಂದರಿಂದಲೇ ಅದು ನಿವಾರಣೆಯಾಗದು.

ಇಲ್ಲಿ ನಮ್ಮ ಜನರಿಗೆ ಪರಿಚಿತವಾದ ಒಂದು ದೃಷ್ಟಾಂತವನ್ನು ಗಮನಿಸಬಹುದು. ಪ್ರತಿವರ್ಷ ಕಾರ್ತಿಕ ಮಾಸದ ಸುಮಾರಿಗೆ ಅನೇಕ ತರುಣರು ಶಬರಿಮಲೆಯ ಯಾತ್ರೆಗಾಗಿ ಮಾಲೆ ಧರಿಸುತ್ತಾರೆ. ನಿತ್ಯ ಕುಡಿಯುವವನೂ ಮಂಡಲಪರ್ಯಂತ ಹನಿ ಮುಟ್ಟುವುದಿಲ್ಲ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮಾಲೆ ತೆಗೆದ ವಾರದೊಳಗೆ ಅವನು ಪುನಃ ಹಿಂದಿನ ದಾರಿ ಹಿಡಿದರೆ ‘ಮನಸ್ಸು ಮಾಡಿದರೆ ಬಿಡಬಲ್ಲ, ಬೇಕೆಂದೇ ಕುಡಿಯುತ್ತಾನೆ’ ಎಂದು ದೂರುತ್ತಾರೆ. ಆದರೆ ಆ ದಿನಗಳಲ್ಲಿ ಅವನನ್ನು ಕಾಯ್ದದ್ದು ಸಂಕಲ್ಪವೊಂದೇ ಆಗಿರಲಿಲ್ಲ. ನಿಯತವಾದ ದಿನಚರಿ, ಜೊತೆಗೂಡಿ ಭಜನೆ ಮಾಡುವ ಗುಂಪು, ಎಲ್ಲರೂ ‘ಸ್ವಾಮಿ’ ಎಂದು ಗೌರವದಿಂದ ಕರೆಯುವ ಹೊಸ ಸ್ಥಾನಮಾನ ಇವೆಲ್ಲ ಅವನಿಗೆ ಆಧಾರವಾಗಿದ್ದವು. ಮಾಲೆಯೊಂದಿಗೆ ಈ ಆಧಾರಗಳೂ ಕಳಚಿಬಿದ್ದವು. ವ್ಯಸನಮುಕ್ತಿಯ ಶಾಸ್ತ್ರವು ಇಂಥ ಆಧಾರಗಳನ್ನು ವರ್ಷಪೂರ್ತಿ ಒದಗಿಸುವ ಬಗೆಯನ್ನು ಅರಸುತ್ತದೆ.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಹುಕಾಲದಿಂದ ಪ್ರತಿದಿನವೂ ವಿಪರೀತವಾಗಿ ಕುಡಿಯುತ್ತಿರುವವನಿಗೆ ದೇವರ ಮುಂದೆ ಆಣೆ ಹಾಕಿಸಿ, ಅಥವಾ ಕೋಣೆಯಲ್ಲಿ ಕೂಡಿಹಾಕಿ, ಮದ್ಯವನ್ನು ಏಕಾಏಕಿ ನಿಲ್ಲಿಸುವುದು ಅಪಾಯಕರ. ಮೊದಲ ಒಂದೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತಗಳೂ, ಎರಡರಿಂದ ನಾಲ್ಕು ದಿನಗಳಲ್ಲಿ ಭ್ರಮೆ, ಜ್ವರ, ದಿಗ್ಭ್ರಾಂತಿಗಳೂ ಉಂಟಾಗಬಹುದು; ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ವೈದ್ಯರ ನಿಗಾದಲ್ಲಿ ಸೂಕ್ತ ಔಷಧಗಳನ್ನೂ ಬಿ-೧ ಜೀವಸತ್ತ್ವವನ್ನೂ ಕೊಟ್ಟು ಬಿಡಿಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಈ ಒಂದು ತಿಳಿವಳಿಕೆ ಮನೆಮನೆಗೂ ಮುಟ್ಟಿದರೆ ಎಷ್ಟೋ ಜೀವಗಳು ಉಳಿದಾವು.

೩. ಸಮಸ್ಯೆಯ ವ್ಯಾಪ್ತಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ ೧೦.೬ರಷ್ಟು ಜನ ಯಾವುದಾದರೊಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಮದ್ಯದ ತೊಂದರೆಗೆ ಒಳಗಾದವರಲ್ಲಿ ಶೇಕಡ ೮೬ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಕೇಂದ್ರ ಸರಕಾರಕ್ಕಾಗಿ ಸಿದ್ಧಪಡಿಸಿ ೨೦೧೯ರಲ್ಲಿ ಪ್ರಕಟವಾದ ವರದಿಯು ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ಶೇಕಡ ೧೪.೬ರಷ್ಟು ಜನ ಮದ್ಯಪಾನಿಗಳೆಂದೂ, ಶೇಕಡ ೨.೭ರಷ್ಟು ಜನ ಅವಲಂಬಿತರೆಂದೂ ತಿಳಿಸಿತು. ಅವಲಂಬಿತರಾದ ೩೮ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಉಳಿದ ಮೂವತ್ತೇಳು ಮಂದಿಯ ಭಾರವನ್ನು ಹೊತ್ತದ್ದು ಅವರವರ ಮನೆ.

೪. ನಮ್ಮ ಪರಿಸರದ ವಿಶೇಷ

ಊರಿನಿಂದ ಎಳೆಯ ಹುಡುಗರಾಗಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆದು, ಅಲ್ಲಿಯೇ ಮಲಗಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆ ನಮಗೆಲ್ಲ ತಿಳಿದದ್ದೇ. ಅದೇ ಹೋಟೆಲಿನ ಮಾಳಿಗೆಯಲ್ಲಿ, ತಂದೆತಾಯಿಗಳ ಕಣ್ಣಳತೆಯಿಲ್ಲದೆ, ಹದಿನಾಲ್ಕು ತಾಸು ದುಡಿದ ಆಯಾಸಕ್ಕೆ ಗುಟಿಕೆ ಹಾಕಲು ಕಲಿತವರೂ ಇದ್ದರು. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರವು ಸಾವಿರಾರು ಮನೆಗಳ ಅನ್ನವನ್ನು ಕಸಿದುಕೊಂಡಿತು. ಸರಿಸುಮಾರು ಅದೇ ಕಾಲದಲ್ಲಿ ‘ಬ್ರೌನ್ ಶುಗರ್’ ಎಂಬ ಹೆಸರಿನ ಅಶುದ್ಧ ಹೆರಾಯಿನು ಮುಂಬಯಿ, ಪುಣೆಗಳ ಬೀದಿಗಳಿಗೆ ಇಳಿಯಿತು.

ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ೧೯೪೯ರ ಮುಂಬಯಿ ಪಾನನಿರೋಧ ಕಾನೂನಿನ ಫಲವಾಗಿ ಮಹಾರಾಷ್ಟ್ರದಲ್ಲಿ ಇಂದಿಗೂ ಮದ್ಯಪಾನಕ್ಕೆ ಪರವಾನಗಿ ಬೇಕು. ‘ಪರ್ಮಿಟ್ ರೂಮ್’ ಎಂಬ ಮಾತು ಹುಟ್ಟಿದ್ದೂ ಅದರಿಂದಲೇ. ಪಾನನಿರೋಧ ಸಡಿಲವಾದ ಮೇಲೆ ನಮ್ಮ ಹೋಟೆಲು ಉದ್ಯಮದ ಒಂದು ಭಾಗವು ಈ ವ್ಯಾಪಾರವನ್ನು ಕೈಗೊಂಡಿತು. ಅದು ಕಾನೂನುಬದ್ಧವಾದ ಜೀವನೋಪಾಯ. ಅದರ ಆದಾಯದಿಂದ ಶಾಲೆಗಳೂ ದೇವಾಲಯಗಳೂ ಸಭಾಗೃಹಗಳೂ ಎದ್ದಿವೆ. ಆದಕಾರಣ ಯಾರನ್ನೂ ದೂಷಿಸುವುದು ಇಲ್ಲಿಯ ಅಭಿಪ್ರಾಯವಲ್ಲ. ಆದರೂ ದಾನಿಗಳು ನೊಂದುಕೊಂಡಾರೆಂಬ ಅಂಜಿಕೆಯಿಂದ ಕುಡಿತದ ವಿಷಯವನ್ನು ವೇದಿಕೆಯ ಮೇಲೆ ಎತ್ತದಿರುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಈ ಉದ್ಯಮದವರಷ್ಟು ಹತ್ತಿರದಿಂದ ವ್ಯಸನದ ಪರಿಣಾಮವನ್ನು ಕಂಡವರು ಬೇರೆ ಇರಲಾರರು. ಅವರು ಈ ಕಾರ್ಯಕ್ಕೆ ವಿರೋಧಿಗಳಾಗುವರೆಂದು ಮೊದಲೇ ಎಣಿಸುವುದು ಅವರಿಗೆ ಮಾಡುವ ಅನ್ಯಾಯ.

ಎರಡನೆಯ, ಮೂರನೆಯ ತಲೆಮಾರಿನ ತರುಣರ ಸ್ಥಿತಿ ಬೇರೆ. ತಂದೆ ಬೆಳಗಿನ ಲೋಕಲ್ ಹಿಡಿದು ಹೋದರೆ ಮರಳುವುದು ರಾತ್ರಿ; ಅನೇಕ ಮನೆಗಳಲ್ಲಿ ತಾಯಿಯೂ ದುಡಿಯುತ್ತಾಳೆ. ಮಗನ ಶಾಲೆಯ ಭಾಷೆ ಇಂಗ್ಲಿಷ್, ಬೀದಿಯ ಭಾಷೆ ಮರಾಠಿ-ಹಿಂದಿ. ಹೆತ್ತವರೊಡನೆ ಊಟ ತಿಂಡಿಯ ಮಾತಿಗೆ ಸಾಲುವಷ್ಟೇ ಕನ್ನಡ ಅಥವಾ ತುಳು. ಮನಸ್ಸಿನ ದುಗುಡವನ್ನು ಹೇಳಿಕೊಳ್ಳಲು ಇಬ್ಬರಿಗೂ ಸಮಾನವಾದ ಭಾಷೆಯೇ ಉಳಿದಿಲ್ಲ. ಮದ್ಯ, ತಂಬಾಕುಗಳ ಜೊತೆಗೆ ಇಂದು ‘ಎಂ.ಡಿ.’ ಎಂದು ಕರೆಯಲ್ಪಡುವ ಮೆಫೆಡ್ರೋನ್ ಪುಡಿಯೂ ಸೇರಿದೆ. ಇದು ೨೦೧೫ರಲ್ಲಿ ಮಾದಕದ್ರವ್ಯ ಕಾನೂನಿನ ವ್ಯಾಪ್ತಿಗೆ ಬಂತು. ಮೊಬೈಲಿನ ಆಟ, ಹಣ ಕಟ್ಟುವ ಜೂಜುಗಳೂ ವ್ಯಸನದ ರೂಪ ತಾಳುತ್ತಿವೆ.

೫. ಗೋಡೆಯೊಳಗಿಂದ ಸಮಾಜದೊಳಕ್ಕೆ

ಠಾಣೆಯ ಹೆಸರು ಮನೋರೋಗದೊಂದಿಗೆ ಬೆಸೆದುಕೊಂಡು ನೂರಿಪ್ಪತ್ತು ವರ್ಷಗಳೇ ಕಳೆದಿವೆ. ೧೯೦೧ರಲ್ಲಿ ಸ್ಥಾಪಿತವಾದ ಇಲ್ಲಿಯ ಮನೋರೋಗಾಲಯವು ಪುಣೆಯ ಯೆರವಡಾ, ನಾಗಪುರ, ರತ್ನಾಗಿರಿಗಳೊಂದಿಗೆ ಮಹಾರಾಷ್ಟ್ರದ ನಾಲ್ಕು ಪ್ರಾದೇಶಿಕ ಮನೋರೋಗಾಲಯಗಳಲ್ಲೊಂದು. ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡದಲ್ಲಿಯೂ ಹತ್ತೊಂಬತ್ತನೆಯ ಶತಮಾನದಿಂದಲೇ ಇಂಥದೊಂದು ಆಲಯವಿತ್ತು. ಇವನನ್ನು ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಉತ್ತರ ಕರ್ನಾಟಕದ ಕುಚೋದ್ಯದ ಮಾತು ಆ ಕಾಲದ ಮನೋಭಾವಕ್ಕೆ ಸಾಕ್ಷಿ: ರೋಗಿಯನ್ನು ಕಣ್ಮರೆ ಮಾಡುವುದೇ ಚಿಕಿತ್ಸೆಯೆಂದು ಜನ ತಿಳಿದಿದ್ದರು.

ಈ ಮನೋಭಾವ ಬದಲಾಗುವಲ್ಲಿ ಕನ್ನಡನಾಡಿನ ಪಾತ್ರ ಹಿರಿದು. ಬೆಂಗಳೂರಿನ ಸರಕಾರಿ ಮನೋರೋಗಾಲಯವನ್ನು ಆಧರಿಸಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರು. ೧೯೭೪ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಇತ್ತ ೧೯೫೦ರ ದಶಕದಲ್ಲಿಯೇ ಅಮೃತಸರದಲ್ಲಿ ಡಾ. ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯೊಂದಿಗೆ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ನಡೆಸಿದ್ದರು. ಮನೆಯವರಿದ್ದಲ್ಲಿ ರೋಗಿ ಬೇಗ ಚೇತರಿಸಿಕೊಳ್ಳುವುದೂ, ಮರಳಿ ಮನೆ ಸೇರುವುದು ಸುಲಭವಾಗುವುದೂ ಕಂಡುಬಂತು. ಮುಂದೆ ನಿಮ್ಹಾನ್ಸ್ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲಿಯೇ ಮನೋರೋಗದ ಚಿಕಿತ್ಸೆ ಸಾಧ್ಯವೆಂಬುದನ್ನು ತೋರಿಸಿತು. ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ವ್ಯಸನಮುಕ್ತಿಯ ಕ್ಷೇತ್ರದಲ್ಲಿ ಮಹಾರಾಷ್ಟ್ರದ ಸಾಧನೆ ಗಮನಾರ್ಹವಾದುದು. ೧೯೮೬ರಲ್ಲಿ ಡಾ. ಅನಿತಾ ಅವಚಟ ಮತ್ತು ಲೇಖಕ ಅನಿಲ ಅವಚಟ ದಂಪತಿಗಳು, ಪು. ಲ. ದೇಶಪಾಂಡೆಯವರ ನೆರವಿನಿಂದ, ಯೆರವಡಾ ಮನೋರೋಗಾಲಯದ ಆವರಣದಲ್ಲಿ ‘ಮುಕ್ತಾಂಗಣ’ವನ್ನು ಆರಂಭಿಸಿದರು. ಚೇತರಿಸಿಕೊಂಡವರೇ ಹೊಸಬರಿಗೆ ಕಾರ್ಯಕರ್ತರಾಗುವ ಪದ್ಧತಿ ಅಲ್ಲಿ ಬೆಳೆಯಿತು. ೧೯೯೦ರಲ್ಲಿ ಡಾ. ಆನಂದ ನಾಡಕರ್ಣಿಯವರು ಠಾಣೆಯಲ್ಲಿಯೇ ಮಾನಸಿಕ ಆರೋಗ್ಯ ಸಂಸ್ಥೆಯೊಂದನ್ನು ಸ್ಥಾಪಿಸಿದರು; ‘ಐ.ಪಿ.ಎಚ್.’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಚಿಕಿತ್ಸೆಯೊಂದಿಗೆ ವಿದ್ಯಾರ್ಥಿಗಳು, ಪಾಲಕರು, ಶಿಕ್ಷಕರಿಗಾಗಿ ಪ್ರಬೋಧನ ಕಾರ್ಯವನ್ನೂ ಅದು ನಡೆಸುತ್ತ ಬಂದಿದೆ. ಕೋಪರಿಯಲ್ಲಿರುವ ಕನ್ನಡಿಗನಿಗೆ ಒಂದು ಕಡೆ ಶತಮಾನದ ಮನೋರೋಗಾಲಯ, ಇನ್ನೊಂದು ಕಡೆ ಸಮಾಜಾಭಿಮುಖವಾದ ಈ ಸಂಸ್ಥೆ ಎರಡೂ ಒಂದೇ ನಗರದಲ್ಲಿವೆ.

ಕರಾವಳಿಯವರಿಗೆ ಹೆಚ್ಚು ಪರಿಚಿತವಾದದ್ದು ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರ. ಊರಿನ ಸಭಾಭವನದಲ್ಲಿಯೋ ದೇವಾಲಯದ ಆವರಣದಲ್ಲಿಯೋ ಸುಮಾರು ಎಂಟು ದಿನ ಶಿಬಿರಾರ್ಥಿಗಳು ಒಟ್ಟಿಗೆ ಉಳಿಯುತ್ತಾರೆ. ವೈದ್ಯರ ಉಪಚಾರ, ಯೋಗಾಭ್ಯಾಸ, ಭಜನೆ, ಗುಂಪು ಸಲಹೆ, ಕುಟುಂಬದವರ ಭೇಟಿ ಇವೆಲ್ಲ ನಿತ್ಯಕ್ರಮದಲ್ಲಿ ಸೇರಿರುತ್ತವೆ. ಖರ್ಚಿನ ಬಹುಭಾಗವನ್ನೂ ದುಡಿಮೆಯನ್ನೂ ಊರವರೇ ಹೊರುತ್ತಾರೆ. ಆ ಮೇಲೆ ‘ನವಜೀವನ ಸಮಿತಿ’ಗಳು ಕುಡಿತ ಬಿಟ್ಟವರನ್ನು ಕಾಲಕಾಲಕ್ಕೆ ಕೂಡಿಸುತ್ತವೆ. ಮಾಲೆ ಕಳಚಿದ ಮೇಲೆ ಇಲ್ಲವಾಗುವ ಆಧಾರವನ್ನು ಉಳಿಸಿಕೊಳ್ಳುವ ಉಪಾಯವಿದು. ೧೯೩೫ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಅನಾಮಿಕ ಬಂಧುಕೂಟವೂ ಇದೇ ತತ್ತ್ವವನ್ನು ಅವಲಂಬಿಸಿದೆ. ಶುಲ್ಕವಿಲ್ಲದ, ಮನೆತನದ ಹೆಸರು ಕೇಳದ ಅದರ ಸಭೆಗಳು ಮುಂಬಯಿ ಪರಿಸರದಲ್ಲಿ ನಡೆಯುತ್ತವೆ.

೬. ಆಪ್ತಸಲಹೆಯ ಸ್ವರೂಪ

ಆಪ್ತಸಲಹೆಯೆಂದರೆ ಬುದ್ಧಿವಾದವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬುದ್ಧಿವಾದಕ್ಕೆ ವ್ಯಸನಿಯ ಬಾಳಿನಲ್ಲಿ ಎಂದೂ ಕೊರತೆಯಿರುವುದಿಲ್ಲ. ಮಾವ, ಚಿಕ್ಕಪ್ಪ, ನೆರೆಮನೆಯವರು, ಹೋಟೆಲಿನ ಧಣಿ ಎಲ್ಲರೂ ಧಾರಾಳವಾಗಿ ಕೊಟ್ಟಿರುತ್ತಾರೆ. ಸಲಹೆಗಾರನ ಮೊದಲ ಕೆಲಸ ಕೇಳುವುದು. ‘ಅಣ್ಣಾ, ಕುಡಿತದಿಂದ ನಿಮಗೆ ಸಿಗುವುದೇನು, ಹೋಗುವುದೇನು?’ ಎಂದು ಕೇಳಿ, ಉತ್ತರವನ್ನು ತೀರ್ಪು ಕೊಡದೆ ಆಲಿಸಿದರೆ, ಬಿಡಬೇಕೆಂಬ ಮಾತು ಅವನ ಬಾಯಿಂದಲೇ ಬರುವ ಸಂಭವವುಂಟು. ಹೊರಗಿನವರು ಹೇರಿದ ಕಾರಣಕ್ಕಿಂತ ತಾನೇ ಕಂಡುಕೊಂಡ ಕಾರಣ ಹೆಚ್ಚು ದಿನ ಬಾಳುತ್ತದೆ. ಅನಂತರ ಯಾವ ಹೊತ್ತು, ಯಾವ ಜೊತೆ, ಯಾವ ದುಃಖ ತನ್ನನ್ನು ಕುಡಿತಕ್ಕೆ ಒಯ್ಯುತ್ತದೆಂಬುದನ್ನು ಗುರುತಿಸಿ, ಅದಕ್ಕೆ ಬದಲಿ ದಾರಿಯನ್ನು ಇಬ್ಬರೂ ಕೂಡಿ ಹುಡುಕುತ್ತಾರೆ. ಮರಳಿ ಜಾರುವುದು ಈ ಹಾದಿಯಲ್ಲಿ ಸಾಮಾನ್ಯ. ಅದನ್ನು ಸೋಲೆಂದು ಬಗೆಯದೆ, ಜಾರಿದ ಕಲ್ಲು ಯಾವುದೆಂದು ಪರೀಕ್ಷಿಸುವುದೇ ಮುಂದಿನ ಹೆಜ್ಜೆ.

ಕುಟುಂಬಕ್ಕೂ ಪ್ರತ್ಯೇಕ ಸಲಹೆ ಬೇಕು. ಧಣಿಗೆ ‘ಜ್ವರ ಬಂದಿದೆ’ ಎಂದು ಸುಳ್ಳು ಹೇಳುವ ಹೆಂಡತಿ, ಸಾಲ ತೀರಿಸುತ್ತಲೇ ಇರುವ ಅಣ್ಣ, ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಪರರ ಮಗಳನ್ನು ಬಲಿಗೊಡುವ ಹಿರಿಯರು ಎಲ್ಲರೂ ಪ್ರೀತಿಯಿಂದಲೇ ವ್ಯಸನಕ್ಕೆ ನೆರಳು ಹಿಡಿಯುತ್ತಾರೆ. ಅವನನ್ನು ಕೈಬಿಡದೆ, ಅವನ ವ್ಯಸನಕ್ಕೆ ಮಾತ್ರ ನೆರವು ನಿಲ್ಲಿಸುವುದು ಹೇಗೆಂಬುದನ್ನು ಕಲಿಯಬೇಕಾಗುತ್ತದೆ. ಹೊಡೆತಕ್ಕೆ ಸಿಕ್ಕುವ ಹೆಂಡತಿ ಮಕ್ಕಳ ರಕ್ಷಣೆ ಎಲ್ಲಕ್ಕಿಂತ ಮೊದಲು. ಸಹನೆಯ ಹೆಸರಿನಲ್ಲಿ ಅದನ್ನು ಮುಂದೂಡಕೂಡದು.

ಈ ಕೆಲಸಕ್ಕೆ ಮನೋವೈದ್ಯರೇ ಬೇಕೆ? ಗೋವೆಯ ‘ಸಂಗಾತ’ ಸಂಸ್ಥೆಯ ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಾನಿಕರವಾಗಿ ಕುಡಿಯುತ್ತಿದ್ದ ೩೭೭ ಪುರುಷರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರಿಂದ ಹೆಚ್ಚೆಂದರೆ ನಾಲ್ಕು ಭೇಟಿಗಳಲ್ಲಿ ಸಲಹೆ ಕೊಡಿಸಲಾಯಿತು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳ ಅನಂತರ ಸಲಹೆ ಪಡೆದವರಲ್ಲಿ ಶೇಕಡ ೩೬, ಉಳಿದವರಲ್ಲಿ ಶೇಕಡ ೨೬ ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು. ತೀವ್ರವಾಗಿ ಅವಲಂಬಿತರಾದವರಿಗೆ ವೈದ್ಯರು ಬೇಕೇ ಬೇಕು. ಆದರೆ ಆ ಮಟ್ಟಕ್ಕೆ ಇಳಿಯುವ ಮುನ್ನ ತಡೆಯಲು ತರಬೇತಿ ಹೊಂದಿದ ನೆರೆಯವನೂ ಸಮರ್ಥನೆಂಬುದು ಇದರಿಂದ ಸಿದ್ಧವಾಗುತ್ತದೆ.

ಇಲ್ಲಿಯೇ ಭಾಷೆಯ ಪ್ರಶ್ನೆ ಬರುವುದು. ಮಂಗಳೂರಿನ ಕಡೆಯ ಗೃಹಿಣಿ ‘ಮಂಡೆ ಬೆಚ್ಚ’ ಎನ್ನುತ್ತಾಳೆ. ವಿಜಾಪುರದ ಕೂಲಿಕಾರ ‘ಜೀವಕ್ಕ ಬ್ಯಾಸರ ಆಗೇತ್ರಿ’ ಎನ್ನುತ್ತಾನೆ. ಒಂದರಲ್ಲಿ ಚಿಂತೆಯ ಕಾವು, ಇನ್ನೊಂದರಲ್ಲಿ ಬಾಳಿನ ಬಗೆಗೇ ಹುಟ್ಟಿದ ಜುಗುಪ್ಸೆ ಅಡಗಿರಬಹುದು. ಇಬ್ಬರೂ ಅರೆಬರೆ ಹಿಂದಿಯಲ್ಲಿ ‘ಟೆನ್ಶನ್ ಹೈ’ ಎಂದು ಹೇಳಿದಾಗ ಈ ಭೇದ ಅಳಿಸಿಹೋಗುತ್ತದೆ. ಎರಡನೆಯ ಮಾತಿನ ಹಿಂದೆ ಆತ್ಮಹತ್ಯೆಯ ಯೋಚನೆಯಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕಾದ ಸಂದರ್ಭವು ಅಲ್ಲಿಗೆ ತಪ್ಪಿಹೋಗುತ್ತದೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದೆಂಬ ಭಯ ನಿರಾಧಾರವಾದುದು. ಕನ್ನಡದ ಉಳಿವನ್ನು ಕುರಿತು ನಾವು ಆಡುವ ಮಾತುಗಳಿಗೆ ಇದಕ್ಕಿಂತ ಗಾಢವಾದ ಪ್ರಯೋಜನ ಇನ್ನೆಲ್ಲಿ ಸಿಕ್ಕೀತು?

೭. ಕಾನೂನು ಮತ್ತು ಸಂಘಗಳ ಕರ್ತವ್ಯ

ಕುಟುಂಬಗಳು ಹಿಂಜರಿಯುವುದಕ್ಕೆ ಪೊಲೀಸರ ಭಯವೂ ಒಂದು ಕಾರಣ. ೧೯೮೫ರ ಮಾದಕದ್ರವ್ಯ ಕಾನೂನಿನ ೬೪-ಎ ವಿಧಿಯು, ಸೇವನೆ ಅಥವಾ ಅಲ್ಪಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಅದನ್ನು ಪೂರೈಸಿದರೆ, ಅವನಿಗೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾನೂನು ಮದ್ಯ, ಮಾದಕದ್ರವ್ಯಗಳಿಂದಾದ ಮಾನಸಿಕ ಸ್ಥಿತಿಯನ್ನೂ ರೋಗವೆಂದು ಪರಿಗಣಿಸಿ, ರೋಗಿಯ ಗೋಪ್ಯತೆಯನ್ನು ಅವನ ಹಕ್ಕೆಂದು ಸಾರಿದೆ. ೨೦೨೨ರ ಅಕ್ಟೋಬರದಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯು ೧೪೪೧೬ ಸಂಖ್ಯೆಯಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಶುಲ್ಕವಿಲ್ಲದೆ ದೊರೆಯುತ್ತದೆ. ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರದ ೧೪೪೪೬ ಸಂಖ್ಯೆಯೂ ಇದೆ.

ಇವಿಷ್ಟರ ಹಿನ್ನೆಲೆಯಲ್ಲಿ ನಮ್ಮ ಸಂಘಗಳು ಕೈಗೊಳ್ಳಬಹುದಾದ ಕಾರ್ಯ ದುಸ್ಸಾಧ್ಯವಾದುದಲ್ಲ. ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ. ವಾರಕ್ಕೊಂದು ಸಂಜೆ ಸಂಘದ ಒಂದು ಕೋಣೆಯನ್ನು ಬಿಟ್ಟುಕೊಡಬೇಕು. ಕನ್ನಡ, ತುಳು ಬಲ್ಲ ನಾಲ್ಕಾರು ಮಂದಿಗೆ, ನಿವೃತ್ತ ಶಿಕ್ಷಕರಿಗೂ ದಾದಿಯರಿಗೂ ಪ್ರಾಶಸ್ತ್ಯವಿತ್ತು, ಅನುಭವಿ ಸಂಸ್ಥೆಗಳಿಂದ ತರಬೇತಿ ಕೊಡಿಸಬೇಕು. ತೀವ್ರಸ್ವರೂಪದವರನ್ನು ವಿಳಂಬವಿಲ್ಲದೆ ವೈದ್ಯರಲ್ಲಿಗೆ ಒಯ್ಯುವ ಏರ್ಪಾಡಿರಬೇಕು. ಬಂದವರ ಹೆಸರು ಕಾರ್ಯಕಾರಿ ಸಮಿತಿಗೂ ತಿಳಿಯಕೂಡದು. ಸಣ್ಣ ಸಮಾಜದಲ್ಲಿ, ಮದುವೆ ಸಂಬಂಧಗಳ ಮಾತು ಸದಾ ನಡೆಯುವಲ್ಲಿ, ಈ ನಿಯಮವೊಂದು ಸಡಿಲವಾದರೆ ಎರಡನೆಯ ವಾರ ಆ ಕೋಣೆಗೆ ಯಾರೂ ಬಾರರು. ಹೋಟೆಲು ಮಾಲಕರು ತಮ್ಮ ಹುಡುಗರಿಗೆ ಆ ಸಂಜೆ ಒಂದು ತಾಸಿನ ಬಿಡುವು ಕೊಟ್ಟರೆ ಅದು ದೇಣಿಗೆಗಿಂತಲೂ ಮಿಗಿಲಾದ ಸಹಾಯವಾದೀತು.

ಹಿಂದೊಮ್ಮೆ ಅಕ್ಷರ ಕಲಿಯದೆ ಉಳಿದ ಹೋಟೆಲು ಹುಡುಗರನ್ನು ಕಂಡು ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ತೆರೆದರು. ಅದು ಸರಕಾರ ಮಾಡಬೇಕಾದ ಕೆಲಸವೆಂದು ಅವರು ಕೈಕಟ್ಟಿ ಕೂರಲಿಲ್ಲ. ಆ ಹುಡುಗರ ಅಜ್ಞಾನಕ್ಕಾಗಿ ನಾಚಲೂ ಇಲ್ಲ. ಆ ಶಾಲೆಗಳಲ್ಲಿ ಓದಿದವರ ಮೊಮ್ಮಕ್ಕಳು ಇಂದು ಬೇರೊಂದು ಬಗೆಯ ಕತ್ತಲೆಯಲ್ಲಿದ್ದಾರೆ. ಅವರಿಗಾಗಿ ಒಂದು ಕೋಣೆಯ ದೀಪ ಹಚ್ಚುವುದು ಸಂಘಗಳ ಕಾರ್ಯಸೂಚಿಯಲ್ಲಿ ಮುಂದಿನ ವರ್ಷಕ್ಕೆ ಕಾಯತಕ್ಕ ವಿಷಯವಲ್ಲ.